ಅವರ್ಸಾ ಲಾಂಗ್, ಅವರ್ಸಾ ಸ್ಲೋ

ಕಾರವಾರದಲ್ಲಿ ಪಬ್ಬು ಆಗಿದೆಯಂತೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದಾಗ ನನಗೆ ನಗು ಬಂದಿತ್ತು. ಮೊದಲಿದ್ದ ಬಾರಿನಲ್ಲೇ ಅರ್ಧ ದೀಪ ಆರಿಸಿ, ಬಾಗಿಲಿಗೆ ಕರಿ ಗಾಜು ಕೂರಿಸಿ, ಶೇಂಗಾದ ಬಟ್ಟಲು ಸಣ್ಣದು ಮಾಡಿದರೆ ಅದು ಪಬ್ಬು. ಅರ್ಗಾದಲ್ಲಿ ನೇವಿಯವರು ಬಂದು ಕೂತ ಮೇಲೆ ನಮ್ಮ ಕಡೆ ಎಲ್ಲದಕ್ಕೂ ಹೀಗೆ ಹೊಸ ಹೆಸರು. ಖಾನಾವಳಿ ರೆಸ್ಟೋರೆಂಟ್ ಆಯಿತು, ಕ್ಷೌರದಂಗಡಿ ಪಾರ್ಲರ್ ಆಯಿತು, ಒಳಗೆ ಕೂತು ಹಲ್ಲಿಗೆ ಕಡ್ಡಿ ಹಾಕುವವರು ಮಾತ್ರ ಅದೇ ಹಳೆಯವರು.

ಅಂಥ ಜಾಗಕ್ಕೆ ನಾನು, ಅಂಕೋಲೆಯ ಹೈಸ್ಕೂಲಿನಲ್ಲಿ ಇಪ್ಪತ್ತೊಂದು ವರ್ಷ ಇಂಗ್ಲಿಷ್ ಕಲಿಸಿದ ಮಾದೇವ ಮಾಸ್ತರ, 2007ರ ಜನವರಿಯ ಒಂದು ರವಿವಾರ ಸಂಜೆ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಮತ್ತು ಕಟ್ಟು ಹಾಕಿಸಿದ ಸನ್ಮಾನ ಪತ್ರ ಹಿಡಿದುಕೊಂಡು ಹೋದೆ. ಆ ಸಂಜೆ ಅಲ್ಲಿ ಹಾಡಲಿದ್ದವರು ಜೆಟ್ಟಿ ಫೈವ್.

ಜೆಟ್ಟಿ ಫೈವ್ ಯಾರು ಎಂದು ಕೇಳುವವರ ಮೇಲೆ ನನಗೆ ಮೊದಲಿಂದಲೂ ಮರುಕ. ಮಡಗಾಂವದ ರಾಕ್ ಬ್ಯಾಂಡು ಅದು. ಎಪ್ಪತ್ತರ ದಶಕದಲ್ಲಿ ಅವರು ಗಿಟಾರ್ ಹಿಡಿದು ನಿಂತರೆ ಗೋವಾದ ಅರ್ಧ ಕಾಲೇಜುಗಳು ಖಾಲಿಯಾಗುತ್ತಿದ್ದವು. 1984ರ ಮಳೆಗಾಲ ಮುಗಿದ ಹೊಸತರಲ್ಲಿ ಅವರ ವ್ಯಾನು ಮಂಗಳೂರಿಗೆ ಹೋಗುವಾಗ ಅವರ್ಸಾದಲ್ಲಿ, ನಮ್ಮ ಮನೆಯೆದುರಿನ ಹೈವೇಯಲ್ಲಿ ಹೊಗೆ ಕಾರಿ ನಿಂತಿತು. ನಾನಾಗ ಬಿ.ಎ. ಕಡೆಯ ವರ್ಷ. ಉದ್ದ ಕೂದಲಿನ ಐದು ಜನ ಇಳಿದು ಬಂದು ನೀರು ಕೇಳಿದರು. ವ್ಯಾನಿನ ರೇಡಿಯೇಟರಿಗೆ ಕೇಳಿದ್ದು. ಅವ್ವ ಅದಕ್ಕೂ ಕೊಟ್ಟು, ಅವರನ್ನು ಜಗಲಿಯಲ್ಲಿ ಕೂರಿಸಿ ಗಂಜಿ, ಬಂಗಡೆ ಸಾರು ಬಡಿಸಿದಳು. ಊಟದ ನಡುವೆ ಅವರ ಗಾಯಕ ಎವರಿಸ್ತೊ ನನ್ನನ್ನು ಈ ಊರ ಹೆಸರೇನು ಎಂದು ಕೇಳಿದ. ಅವರ್ಸಾ ಎಂದೆ. ಅವನು ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ, ‘ನೈಸ್’ ಎಂದು ಇನ್ನೊಂದು ಬಂಗಡೆ ಹಾಕಿಸಿಕೊಂಡ.

ಮರುವರ್ಷ ಅವರ ಹಾಡುಗಳು ನನ್ನ ಕೈಗೆ ಬಂದವು. ಕಾರವಾರದ ಒಂದು ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡದ್ದು. ಬಿ ಸೈಡಿನ ಮೂರನೆಯ ಹಾಡು ಶುರುವಾಯಿತು ನೋಡಿ, ನನ್ನ ಮೈಮೇಲಿನ ಕೂದಲೆಲ್ಲ ನಿಂತವು. ‘ಅವರ್ಸಾ ಲಾಂಗ್, ಅವರ್ಸಾ ಸ್ಲೋ, ಅವರ್ಸಾ ಆಲ್ ಐ ನೋ.’ ಉದ್ದದ ಊರು ಅವರ್ಸಾ, ನಿಧಾನದ ಊರು ಅವರ್ಸಾ, ನಾನು ಬಲ್ಲ ಊರೆಂದರೆ ಅವರ್ಸಾ ಒಂದೇ. ಹೈವೇಗುಂಟ ಹಗ್ಗದ ಹಾಗೆ ಬಿದ್ದಿರುವ ನಮ್ಮೂರನ್ನು, ಒಂದು ಬೀಡಿ ಹಚ್ಚಲು ಕಾಲು ಗಂಟೆ ತೆಗೆದುಕೊಳ್ಳುವ ನಮ್ಮೂರ ಜನವನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಕ್ಯಾಸೆಟ್ಟಿನ ಚೀಟಿಯ ಮೇಲೆ ಹಾಡಿನ ಹೆಸರು ಬರೆದವನು ನಾನೇ. ಅವರ್ಸಾ ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಅಲ್ಲಿಂದ ಇಪ್ಪತ್ತೆರಡು ವರ್ಷ ನಾನು ತಲೆಯೆತ್ತಿ ನಡೆದದ್ದು ಆ ಹಾಡಿನ ಬಲದ ಮೇಲೆ. ಊರಿನಲ್ಲಿ ಯಾರಾದರೂ ಟ್ರ್ಯಾಕ್ಟರಿಗೆ ಸ್ಪೀಕರ್ ಕಟ್ಟಿ ಸಿನಿಮಾ ಹಾಡು ಹಾಕಿದರೆ ನಾನು ಕಿಟಕಿ ಮುಚ್ಚಿ ನನ್ನ ಕ್ಯಾಸೆಟ್ಟು ಹಾಕುತ್ತಿದ್ದೆ. ಮದುವೆಯ ಸ್ವಾಗತ, ಸಂಘದ ವರದಿ, ನಿವೃತ್ತರ ಬೀಳ್ಕೊಡುಗೆ, ನಾನು ಮೈಕಿನ ಮುಂದೆ ನಿಂತಲ್ಲೆಲ್ಲ ಆ ಸಾಲು ಬರುತ್ತಿತ್ತು. ಯಾರಾದರೂ ಸಭೆಗೆ ತಡವಾಗಿ ಬಂದರೆ, ‘ಇಂಗ್ಲಿಷಿನಲ್ಲಿ ಹಾಡು ಕಟ್ಟುವಷ್ಟು ನಿಧಾನ ಕಣ್ರೋ ನೀವು’ ಎನ್ನುತ್ತಿದ್ದೆ. ಕಿವಿ ಇದ್ದೂ ಕಿವುಡರು ಎಂದು ಇಡೀ ಊರನ್ನೇ ಬೈದವನು ನಾನು. ಅವ್ವ ಮಾತ್ರ ನಂಬಿದ್ದಳು. ಅವಳು ತೀರಿಕೊಂಡ ವರ್ಷವೂ ಬಂದವರಿಗೆಲ್ಲ, ನಾನು ಬಡಿಸಿದ ಸಾರಿಗೆ ಹಾಡು ಹುಟ್ಟಿತ್ತು ಎಂದು ಹೇಳುತ್ತಿದ್ದಳು.

ನಂಬದವನು ತುಳಸಿದಾಸ. ನನ್ನ ಹೆಂಡತಿ ಜಯಂತಿಯ ಅಣ್ಣ, ತೆಂಗಿನಕಾಯಿ ವ್ಯಾಪಾರಿ, ಐವತ್ತೆರಡು ವರ್ಷವಾದರೂ ಯುವಕ ಸಂಘದ ಅಧ್ಯಕ್ಷ. ಕಂಡಾಗಲೆಲ್ಲ ಒಂದೇ ಪ್ರಶ್ನೆ: ‘ಭಾವ, ನಿನ್ನ ಇಂಗ್ಲಿಷರು ಮತ್ತೆ ಬಂದಿದ್ರಾ ಗಂಜಿ ಉಣ್ಲಿಕ್ಕೆ?’ ಈ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಗೊತ್ತಿರುವುದು ಲೋಡ್ ಮತ್ತು ಅನ್‌ಲೋಡ್ ಎರಡೇ ಶಬ್ದ. ಗೋವಾದವರನ್ನು ಇಂಗ್ಲಿಷರು ಎನ್ನುವವನ ಹತ್ತಿರ ನಾನು ಸಂಗೀತದ ಮಾತಾಡಲೇ?

ಹಾಗಿರುವಾಗ ಜೆಟ್ಟಿ ಫೈವ್ ಕಾರವಾರಕ್ಕೆ ಬರುವ ಸುದ್ದಿ ಬಂತು. ಸಂಘಕ್ಕೆ ಆ ವರ್ಷ ಬೆಳ್ಳಿಹಬ್ಬ. ಊರಿನ ಹೆಸರನ್ನು ಹೊರಗೆ ಮೆರೆಸಿದವರಿಗೆ ಸನ್ಮಾನ ಎಂಬ ಪಟ್ಟಿಯಲ್ಲಿ ನಾನು ಎವರಿಸ್ತೊನ ಹೆಸರು ಹಾಕಿಸಿದೆ. ಸಭೆಯಲ್ಲಿ ತುಳಸಿದಾಸ ಎದ್ದು ನಿಂತು, ಎಲ್ಲರೂ ಕೇಳುವ ಹಾಗೆ ಹೇಳಿದ:

‘ಅಡ್ಡಿಲ್ಲ. ನಾನೇ ಬರ್ತೆ ಕೇಳ್ಲಿಕ್ಕೆ. ಅವ ಅವರ್ಸಾ ಅಂದ್ರೆ ನಾನೇ ಸ್ವತಾ ಶಾಲು ಹೊದಿಸ್ತೆ. ಅನ್ನದೇ ಹೋದ್ರೆ, ಬೆಳ್ಳಿಹಬ್ಬದ ಸ್ಟೇಜ್ ಮೇಲೆ ನೀ ಮೈಕ್ ಹಿಡ್ದು, ಇಷ್ಟ್ ವರ್ಷ ಹೇಳಿದ್ದು ಸುಳ್ಳು ಅಂತ ಹೇಳ್ಬೇಕು ಭಾವ.’

ನಾನು ಒಪ್ಪಿಕೊಂಡೆ. ಒಪ್ಪದೆ ಏನು, ಹಾಡು ನನ್ನ ಕಿವಿಯಲ್ಲೇ ಇತ್ತಲ್ಲ. ಅಲ್ಲಿಗೆ ನನ್ನ ಇಪ್ಪತ್ತೆರಡು ವರ್ಷದ ಮಾನವೆಲ್ಲ ಒಂದು ಶಬ್ದದ ಮೇಲೆ ಬಂದು ಕೂತಿತು. ಸನ್ಮಾನ ಪತ್ರವನ್ನೂ ನಾನೇ ಬರೆದೆ. ‘ಅರಬ್ಬೀ ತೀರದ ಪುಟ್ಟ ಗ್ರಾಮದ ನಾಮವನ್ನು ಆಂಗ್ಲ ಗೀತೆಯ ಮೂಲಕ ದಿಗಂತಕ್ಕೆ ಸಾರಿದ ಗಾನ ಗಂಧರ್ವರೇ’ ಎಂದು ಶುರು. ಹೊರಡುವಾಗ ಜಯಂತಿ ನನ್ನ ಜೀನ್ಸ್ ಪ್ಯಾಂಟು, ತಲೆಗೆ ಹಚ್ಚಿದ ಬಣ್ಣ ಎರಡನ್ನೂ ನೋಡಿ, ಸನ್ಮಾನ ಅವರಿಗೋ ನಿಮಗೋ ಎಂದು ಕೇಳಿದಳು. ಅಣ್ಣನ ತಂಗಿಯಲ್ಲವೇ.

ತುಳಸಿದಾಸ ತನ್ನ ಓಮ್ನಿ ತಂದ. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲಿಗೆ ಟವೆಲು. ಪಬ್ಬಿಗೆ ಪಂಚೆ ಉಟ್ಟು ಬರುತ್ತಾರೇನೋ ಎಂದರೆ, ಸನ್ಮಾನಕ್ಕೆ ಇನ್ನೇನು ಉಡುತ್ತಾರೆ ಎಂದು ನನ್ನನ್ನೇ ಕೇಳಿದ. ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಶಾಲು ಹಾರಗಳು, ಪಕ್ಕದಲ್ಲಿ ಮೂಸಂಬಿ ಸೇಬು ತುಂಬಿದ ಬುಟ್ಟಿ. ಬಿಣಗಾ ದಾಟುವಷ್ಟರಲ್ಲಿ ಬುಟ್ಟಿ ಎರಡು ಸಲ ಉರುಳಿ ಬಿತ್ತು.

ಪಬ್ಬು ಇದ್ದದ್ದು ಒಂದು ಲಾಡ್ಜಿನ ತಳದಲ್ಲಿ. ಮೇಲೆ ರಿಸೆಪ್ಷನ್ನಿನಲ್ಲಿ ನೀಲಿ ಕೋಟು ಹಾಕಿದ ಹೆಂಗಸೊಬ್ಬಳು ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದಳು. ಪರವಾಗಿಲ್ಲ, ಒಂದು ವ್ಯಾಕರಣ ತಪ್ಪೂ ಇರಲಿಲ್ಲ. ಫೋನಿಟ್ಟು ನನ್ನನ್ನು ನೋಡಿ ಎದ್ದು ನಿಂತಳು.

‘ನಮಸ್ಕಾರ ಸರ್. ಗುರ್ತ ಸಿಕ್ತಾ? ನಾನು ನೀತಾ, ಹಟ್ಟಿಕೇರಿ.’

ಗುರುತು ಸಿಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ನೆನಪಾಯಿತು, ನಗುವೂ ಬಂತು. ಹತ್ತು ಹನ್ನೊಂದು ವರ್ಷದ ಹಿಂದೆ ಒಂಬತ್ತನೆಯ ತರಗತಿಗೆ ನಾನು ಟೇಪ್ ರೆಕಾರ್ಡರ್ ಒಯ್ದು ಆ ಹಾಡು ಕೇಳಿಸಿದ್ದೆ. ಪ್ರತಿವರ್ಷ ಕೇಳಿಸುತ್ತಿದ್ದೆ. ಆ ಸಲ ಮೂರನೆಯ ಬೆಂಚಿನಿಂದ ಈ ಹುಡುಗಿ ಎದ್ದು, ಸರ್, ಅದು ಅವರ್ಸಾ ಅಲ್ಲ, ‘ಅವರ್ಸ್ ಆರ್’ ಅಂತ ಕೇಳಿಸುತ್ತದೆ, ಗಂಟೆಗಳು ಉದ್ದ, ಗಂಟೆಗಳು ನಿಧಾನ ಅಂತ, ಎಂದು ಹೇಳಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಪಕ್ಕದ ಊರಿಗೆ ಹಾಡಿದೆ ಎಂದು ಹಟ್ಟಿಕೇರಿಯವರಿಗೆ ಹೊಟ್ಟೆಕಿಚ್ಚು ಎಂದೆ. ತರಗತಿ ಗೊಳ್ಳೆಂದಿತು. ಹಾಗಾದರೆ ಗಂಟೆ ಹೊಡೆಯುವವರೆಗೆ ನಿಂತಿರು, ಗಂಟೆ ಎಷ್ಟು ಉದ್ದ ಎಂದು ತಿಳಿಯುತ್ತದೆ ಎಂದು ನಿಲ್ಲಿಸಿದೆ. ಮರುದಿನದಿಂದ ಅವಳ ಹೆಸರೇ ‘ಗಂಟೆ’ ಆಯಿತು. ಹಾಜರಿ ತೆಗೆಯುವಾಗ ನಾನೂ ಹಾಗೇ ಕರೆಯುತ್ತಿದ್ದೆ. ಆಮೇಲೆ ಅವಳು ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಮೆಟ್ರಿಕ್‌ನಲ್ಲಿ ಇಂಗ್ಲಿಷಿಗೆ ಶಾಲೆಗೇ ಹೆಚ್ಚು ಅಂಕ ತೆಗೆದಳು, ಅದು ಬೇರೆ ಮಾತು. ಕಲಿಸಿದವನು ನಾನಲ್ಲವೇ ಎಂದುಕೊಂಡಿದ್ದೆ.

‘ಓಹೋ, ಗಂಟೆ’ ಎಂದೆ.

ಅವಳು ನಗಲಿಲ್ಲ. ಬೇಸರವನ್ನೂ ತೋರಿಸಲಿಲ್ಲ. ಹಾಡುಗಾರನಿಗೆ ಕಣ್ಣು ಸರಿಯಿಲ್ಲವಂತೆ, ಹಾಡುಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಡಲು ಬೆಳಿಗ್ಗೆ ತನಗೇ ಹೇಳಿದರಂತೆ. ಕೊಟ್ಟೆಯೊಳಗಿನ ಶಾಲನ್ನು, ತುಳಸಿದಾಸನ ಕೈಯಲ್ಲಿದ್ದ ಕಟ್ಟು ಹಾಕಿದ ಪತ್ರವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ದನಿ ತಗ್ಗಿಸಿ, ‘ಸರ್, ಆ ಹಾಡಿನ ಹಾಳೆ ಇನ್ನೊಂದು ಪ್ರತಿ ನನ್ನ ಹತ್ರ ಅದೆ. ಒಳಗೆ ಹೋಗೂ ಮುಂಚೆ ಒಂದ್ಸಲ ನೋಡ್ತ್ರಾ?’ ಎಂದಳು.

ನೀನು ಲಂಗ ಹಾಕಿಕೊಂಡು ಹುಳಿ ಬಿಂಬಲಕಾಯಿ ತಿನ್ನುತ್ತಿದ್ದಾಗಿನಿಂದ ನನಗೆ ಆ ಹಾಡು ಬಾಯಿಪಾಠ, ನನಗೆ ಹಾಳೆ ತೋರಿಸುತ್ತೀಯಾ ಎಂದು ನಾನು ಮೆಟ್ಟಿಲಿಳಿದೆ.

ಒಳಗಿನ ಚೆಂದ ಏನು ಹೇಳಲಿ. ಐವರಲ್ಲಿ ಹಳಬರು ಉಳಿದದ್ದು ಇಬ್ಬರೇ. ಎವರಿಸ್ತೊ ಮತ್ತು ಡ್ರಮ್ಮಿನವನು. ಉಳಿದ ಮೂವರ ಕೆಲಸವನ್ನು ಒಂದು ಕೀಬೋರ್ಡು ಮಾಡುತ್ತಿತ್ತು. ಕೀಬೋರ್ಡಿನವನು ಗುಂಡಿ ಒತ್ತಿ ಬಂಗಡೆ ಫ್ರೈ ತಿನ್ನುತ್ತಿದ್ದ, ಅದು ತಾನಾಗಿ ಬಾರಿಸುತ್ತಿತ್ತು. ನಾನು ಹದಿನೆಂಟು ವರ್ಷ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರದ ಆ ಎವರಿಸ್ತೊ, ಗಿಟಾರನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ತಲೆಯ ಮುಂಭಾಗ ಬೋಳು, ಹಿಂದೆ ಬಣ್ಣ ಹಚ್ಚಿದ ಜುಟ್ಟು. ಎರಡು ಹಾಡಿಗೊಮ್ಮೆ ಥರ್ಮಾಸಿನಿಂದ ಬಿಸಿನೀರು ಕುಡಿದು ಗಂಟಲು ಕೆರೆಯುತ್ತಿದ್ದ, ಮೈಕು ಅದನ್ನೂ ಊರಿಗೆಲ್ಲ ಕೇಳಿಸುತ್ತಿತ್ತು.

ಹಾಡಿದ್ದಾದರೂ ಏನು? ಮೂರು ಸಲ ಹ್ಯಾಪಿ ಬರ್ತ್‌ಡೇ. ನೇವಿಯ ಹುಡುಗರು ಹಿಂದಿ ಸಿನಿಮಾ ಹಾಡು ಕೇಳಿದರೆ ಹಿಂದಿ, ಬೈತಖೋಲದ ಬೋಟು ಮಾಲಕರ ಟೇಬಲ್ಲು ಕೊಂಕಣಿ ಕೇಳಿದರೆ ಕೊಂಕಣಿ. ರಸ್ತೆ ಕಂತ್ರಾಟುದಾರನೊಬ್ಬ ಭಾವಗೀತೆ ಕೇಳಿದ, ಅದನ್ನೂ ಇಲ್ಲ ಎನ್ನಲಿಲ್ಲ, ರಾಗ ಗುನುಗುನಿಸಿ ಕೊಟ್ಟ. ಒಂದು ಕಾಲದಲ್ಲಿ ಪ್ರೇಕ್ಷಕರ ಕಡೆ ಬೆನ್ನು ಹಾಕಿ ಹಾಡುತ್ತಿದ್ದ ಗಂಡು ಅದು. ಈಗ ಮದುವೆ ಮನೆಯ ಭಟ್ಟರ ಹಾಗೆ ಯಾರು ಕರೆದರೂ ಅತ್ತ ತಿರುಗುತ್ತಿತ್ತು. ನನಗೆ ಹೇಸಿಗೆಯಾಯಿತು. ಅವನ ಮೇಲೆ, ಚಪ್ಪಾಳೆ ತಟ್ಟುವ ಆ ಬಾಯಿಬಡುಕರ ಮೇಲೆ, ಬಾಯಿತುಂಬ ಸಿಗಡಿ ಇಟ್ಟುಕೊಂಡು ‘ಚೊಲೋ ಹಾಡ್ತ ಭಾವ, ಅಡ್ಡಿಲ್ಲ’ ಎನ್ನುತ್ತಿದ್ದ ತುಳಸಿದಾಸನ ಮೇಲೆ. ಇಡೀ ಕೋಣೆಯಲ್ಲಿ ಆ ಬ್ಯಾಂಡಿನ ಯೋಗ್ಯತೆ ತಿಳಿದವನು ನಾನೊಬ್ಬನೇ, ಅವನ ಯೋಗ್ಯತೆಯೇ ಉಳಿದಿಲ್ಲ ಎಂದು ಕಂಡವನೂ ನಾನೊಬ್ಬನೇ.

ಒಂದೂವರೆ ತಾಸಾದರೂ ನಮ್ಮ ಹಾಡು ಬರಲಿಲ್ಲ. ತುಳಸಿದಾಸ ಎರಡು ಸಲ ಗಡಿಯಾರ ನೋಡಿದ. ನಾನು ಚೀಟಿಯ ಮೇಲೆ ಇಂಗ್ಲಿಷಿನಲ್ಲಿ, ಚೆನ್ನಾಗಿ ದೊಡ್ಡದಾಗಿ ‘ಅವರ್ಸಾ’ ಎಂದು ಬರೆದು ವೇಟರ್ ಕೈಯಲ್ಲಿ ಕಳಿಸಿದೆ. ಎವರಿಸ್ತೊ ಅದನ್ನು ಮೂಗಿಗೆ ಹಿಡಿದು ಓದಿದ. ಆಮೇಲೆ ಮೈಕಿನಲ್ಲಿ, ಅವರ್ಸಾ ಎಂಬ ಹೆಂಗಸು ಇಲ್ಲಿ ಯಾರು, ದಯವಿಟ್ಟು ಕೈಯೆತ್ತಬೇಕು, ಇವತ್ತು ನಿಮ್ಮ ಬರ್ತ್‌ಡೇಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

ನೇವಿಯ ಹುಡುಗರು ಸಿಳ್ಳೆ ಹೊಡೆದರು. ತುಳಸಿದಾಸ ನನ್ನ ಕಡೆ ಬಗ್ಗಿ ಏನಂದನಂತೆ ಎಂದು ಕೇಳಿದ. ನಾನು ಹೇಳಲಿಲ್ಲ, ಪಕ್ಕದ ಟೇಬಲಿನ ಬೋಟು ಮಾಲಕ ಹೇಳಿದ. ತುಳಸಿದಾಸ ಟವೆಲಿನಿಂದ ಬಾಯಿ ಒರೆಸಿಕೊಂಡು, ಊರನ್ನೇ ಹೆಂಗಸು ಮಾಡಿಬಿಟ್ಟನಲ್ಲ ಭಾವ ಎಂದ. ಬೆಳ್ಳಿಹಬ್ಬದ ಸ್ಟೇಜು, ಮೈಕು, ಕೆಳಗೆ ಕೂತ ಇಡೀ ಅವರ್ಸಾ ನನ್ನ ಕಣ್ಣಮುಂದೆ ಬಂತು. ಮುದುಕನಿಗೆ ಮರೆವು, ಹಾಡು ನೆನಪಾದರೆ ಊರು ನೆನಪಾಗುತ್ತದೆ ಎಂದು ಹೇಳಿ ನಾನೇ ಎದ್ದು ಅವನ ಕುರ್ಚಿಯ ಹತ್ತಿರ ಹೋದೆ.

ಬಂಗಡೆ ಸಾರಿನ ಕತೆ ಹೇಳಲು ಪುರುಸೊತ್ತಿರಲಿಲ್ಲ. ಅವನ ಕಿವಿಯ ಹತ್ತಿರ ಬಗ್ಗಿ ಹಾಡಿಯೇ ತೋರಿಸಿದೆ. ‘ಅವರ್ಸಾ ಲಾಂಗ್, ಅವರ್ಸಾ ಸ್ಲೋ.’ ಅವನ ಮುಖ ಒಮ್ಮೆಗೇ ಅರಳಿತು. ಓ, ಅದಾ ಎಂದ. ಇದನ್ನು ಕೇಳುವವರು ಇನ್ನೂ ಇದ್ದಾರಾ ಎಂದ. ಎದುರಿಗಿದ್ದ ಸ್ಟ್ಯಾಂಡಿನ ಮೇಲಿನ ಫೈಲನ್ನು ಬೆರಳಿಗೆ ಉಗುಳು ಹಚ್ಚಿ ತಿರುವುತ್ತ ಹೋಗಿ ಒಂದು ಹಾಳೆಗೆ ಬಂದು ನಿಂತ. ನೀತಾ ಪ್ರಿಂಟ್ ತೆಗೆದ ಹಾಳೆ. ಕಣ್ಣು ಕಾಣದವನಿಗಾಗಿ ತೆಗೆದದ್ದು, ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು. ಮೇಲ್ಗಡೆ ಹಾಡಿನ ಹೆಸರು: ‘ಅವರ್ಸ್ ಆರ್ ಲಾಂಗ್’. ಅವರ್ಸ್ ಬೇರೆ, ಆರ್ ಬೇರೆ. ನಡುವೆ ಎರಡು ಬೆರಳು ತೂರುವಷ್ಟು ಜಾಗ.

ಅವನು ಗಿಟಾರಿನ ತಂತಿ ಬಿಗಿ ಮಾಡುತ್ತ, ಕೇಳದೆಯೇ ಹೇಳಿದ. ಎಪ್ಪತ್ತೊಂಬತ್ತರಲ್ಲಿ ಅವನ ಅಪ್ಪ ಪಣಜಿಯ ಆಸ್ಪತ್ರೆಯಲ್ಲಿದ್ದನಂತೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಹನ್ನೆರಡು ದಿನ ಕೂತು, ಎದುರಿನ ಗೋಡೆಯ ಗಡಿಯಾರ ನೋಡುತ್ತ ಬರೆದದ್ದಂತೆ. ನಮ್ಮ ಮನೆಯೆದುರು ವ್ಯಾನು ನಿಂತದ್ದು ಎಂಬತ್ನಾಲ್ಕರಲ್ಲಿ. ನಾನು ಇಂಗ್ಲಿಷ್ ಮಾಸ್ತರನೇ ಹೊರತು ಲೆಕ್ಕದವನಲ್ಲ, ಆದರೂ ಈ ಲೆಕ್ಕ ಯಾರಿಗಾದರೂ ಬರುತ್ತದೆ.

ಅವನು ನನ್ನ ಪಕ್ಕದಲ್ಲೇ ಶುರು ಮಾಡಿದ. ಆ ರಾತ್ರಿ ಅವನು ನಿಜವಾಗಿ ಹಾಡಿದ್ದು ಅದೊಂದೇ ಹಾಡು. ಕೀಬೋರ್ಡಿನವನಿಗೆ ಅದು ಗೊತ್ತಿರಲಿಲ್ಲ, ಪುಣ್ಯಕ್ಕೆ ಸುಮ್ಮನಿದ್ದ. ಹರಿದ ಗಂಟಲು, ಆರು ತಂತಿಯ ಸದ್ದು, ಅಷ್ಟೇ. ಅಪ್ಪನಿಗಾಗಿ ಬೆಂಚಿನ ಮೇಲೆ ಕೂತ ಮಗನ ಹಾಡು. ಗಂಟೆಗಳು ಉದ್ದ, ಗಂಟೆಗಳು ನಿಧಾನ, ನಾನು ಬಲ್ಲದ್ದು ಗಂಟೆಗಳನ್ನಷ್ಟೇ. ಸಾವಿರ ಸಲ ಕೇಳಿದ ಹಾಡನ್ನು ನಾನು ಮೊದಲ ಸಲ ಕೇಳಿದೆ. ಅದರಲ್ಲಿ ನಮ್ಮೂರನ್ನು ಮತ್ತೆ ಹುಡುಕಿದೆ, ಕಿವಿಯನ್ನು ಗೋಗರೆದೆ. ಇರಲಿಲ್ಲ. ಒಮ್ಮೆ ಹಾಳೆ ನೋಡಿದ ಮೇಲೆ ಎಷ್ಟು ಹಿಂಡಿದರೂ ಇರಲಿಲ್ಲ. ಅವ್ವ ಬಡಿಸಿದ ಗಂಜಿ, ಸಾರು, ಅವಳು ಸಾಯುವವರೆಗೆ ಹೇಳಿದ ಕತೆ ಎಲ್ಲ ಅಲ್ಲೇ ಮುಗಿಯಿತು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಇನ್ನು ತುಳಸಿದಾಸನ ಮುಖ ನೋಡಬೇಕಲ್ಲ ಎಂದು ತಿರುಗಿದೆ.

ಅವನು ಎದ್ದು ನಿಂತಿದ್ದ. ಸಿಗಡಿಯ ತಟ್ಟೆ ಆಚೆ ತಳ್ಳಿದ್ದ. ಬಾಯಿ ತೆರೆದು, ಪ್ರತಿ ಸಾಲಿಗೂ ಒಂದೊಂದು ಬೆರಳು ಮಡಚುತ್ತಿದ್ದ. ಹಾಡು ಮುಗಿಯುವಷ್ಟರಲ್ಲಿ ಕೊಟ್ಟೆ, ಬುಟ್ಟಿ ಎತ್ತಿಕೊಂಡು ಟೇಬಲ್ಲುಗಳ ನಡುವೆ ದಾರಿ ಮಾಡಿಕೊಂಡು ಬಂದುಬಿಟ್ಟ. ಕಣ್ಣು ತುಂಬಿತ್ತು ಆ ಮನುಷ್ಯನದು. ನನ್ನ ಎರಡೂ ಕೈ ಹಿಡಿದ.

‘ಖರೇ ಅದ್ಯೋ ಭಾವ. ಹದ್ನೆಂಟ್ ಸಲ ಅಂದ ಅವರ್ಸಾ ಅಂತ, ನಾ ಎಣಿಸ್ದೆ. ಇಪ್ಪತ್ತ್ ವರ್ಷ ನಿಂಗೆ ಹಂಗಿಸ್ದೆ ನಾ. ತಪ್ಪಾಯ್ತು ಮಾರಾಯಾ.’

ಕೇಳಿದಿರಲ್ಲ. ಅವರ್ಸಾದವನ ಕಿವಿ. ಅದಕ್ಕೆ ಬೇರೆ ಏನೂ ಕೇಳಿಸುವುದಿಲ್ಲ. ಅದೇ ಕಿವಿ ನನಗೂ ಇತ್ತು, ಅದರ ಮೇಲೆ ನಾನು ಬಿ.ಎ., ಬಿ.ಎಡ್. ಅಂಟಿಸಿಕೊಂಡಿದ್ದೆ ಅಷ್ಟೇ. ಇಪ್ಪತ್ತೆರಡು ವರ್ಷ ಅವನು ನಂಬಲಿ ಎಂದು ಜೀವ ತೇಯ್ದೆ, ನಂಬಿದ್ದು ನನ್ನ ನಂಬಿಕೆ ಸತ್ತ ಐದನೆಯ ನಿಮಿಷಕ್ಕೆ.

ಅವನು ತಡಮಾಡಲಿಲ್ಲ. ಎವರಿಸ್ತೊನ ಹೆಗಲಿಗೆ ಶಾಲು ಹೊದಿಸಿದ, ಕೊರಳಿಗೆ ಗಂಧದ ಹಾರ ಹಾಕಿದ, ಗಿಟಾರಿನ ಮೇಲೆಯೇ ಹಣ್ಣಿನ ಬುಟ್ಟಿ ಇಟ್ಟ. ಮೈಕು ಕಸಿದುಕೊಂಡು, ಅವರ್ಸಾ ಯುವಕ ಸಂಘದ ಪರವಾಗಿ ಎಂದು ಶುರುಮಾಡಿ ನಮ್ಮ ಭಾವ ಮಾದೇವ ಮಾಸ್ತರರು ಈಗ ಸನ್ಮಾನ ಪತ್ರ ಓದಿ, ಈ ಹಾಡಿಗೂ ನಮ್ಮೂರಿಗೂ ಇರುವ ಸಂಬಂಧವನ್ನು ಇಂಗ್ಲಿಷಿನಲ್ಲಿ ತಿಳಿಸುತ್ತಾರೆ ಎಂದು ಪತ್ರ, ಮೈಕು ಎರಡನ್ನೂ ನನ್ನ ಕೈಗಿಟ್ಟ. ಇಡೀ ಪಬ್ಬು ತಟ್ಟೆ ಬಿಟ್ಟು ನೋಡಿತು. ಬಾಗಿಲ ಹತ್ತಿರ ನೀಲಿ ಕೋಟು ನಿಂತಿತ್ತು. ಕೆಲಸ ಮುಗಿಸಿ, ಹೆಗಲಿಗೆ ಬ್ಯಾಗು ಹಾಕಿಕೊಂಡು ನೀತಾ ನಿಂತಿದ್ದಳು.

ನಾನು ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು, ಇಂಗ್ಲಿಷಾದರೂ ಸರಿ, ಕನ್ನಡವಾದರೂ ಸರಿ. ತಪ್ಪು ಕೇಳಿಸಿಕೊಂಡವನು ನಾನು, ಸರಿಯಾಗಿ ಕೇಳಿಸಿಕೊಂಡವಳು ಬಾಗಿಲಲ್ಲಿ ನಿಂತಿದ್ದಾಳೆ. ಪಾಠದಲ್ಲಿ ಸತ್ಯದ ಮಹಿಮೆ ಎಷ್ಟು ಸಲ ಕಲಿಸಿಲ್ಲ ನಾನು. ಆಮೇಲೆ ಗಂಟಲು ಸರಿಮಾಡಿಕೊಂಡು, ‘ಅರಬ್ಬೀ ತೀರದ ಪುಟ್ಟ ಗ್ರಾಮದ ನಾಮವನ್ನು’ ಎಂದು ಓದಲು ಶುರುಮಾಡಿದೆ. ಕೊನೆಯ ‘ಗಾನ ಗಂಧರ್ವರೇ’ವರೆಗೆ ಓದಿದೆ. ಇಂಗ್ಲಿಷಿನಲ್ಲಿಯೂ ಹೇಳಿದೆ. ನಿಮ್ಮ ಹಾಡಿನಿಂದ ನಮ್ಮೂರು ಅಮರವಾಯಿತು ಎಂದೆ, ವ್ಯಾಕರಣ ತಪ್ಪಿಲ್ಲದೆ.

ಎವರಿಸ್ತೊನಿಗೆ ಏನು ಅರ್ಥವಾಯಿತೋ. ಮೂವತ್ತೈದು ವರ್ಷ ಕಂಡವರ ಮುಂದೆ ಹಾಡಿದ ಮುದುಕ, ಕೊಟ್ಟದ್ದನ್ನು ಇಸಿದುಕೊಳ್ಳುವುದು ಅವನಿಗೆ ಗೊತ್ತಿತ್ತು. ಹಾರ ಸರಿಮಾಡಿಕೊಂಡು, ‘ಥ್ಯಾಂಕ್ಯೂ ಅವರ್ಸಾ, ಐ ಲವ್ ಯೂ ಅವರ್ಸಾ’ ಎಂದು ಗಾಳಿಯಲ್ಲಿ ಒಂದು ಮುತ್ತು ಹಾರಿಸಿದ. 1984ರ ನೆನಪು ಅವನಿಗೆ ಒಂದಿಷ್ಟೂ ಇರಲಿಲ್ಲ, ಅವ್ವನ ಸಾರೂ ಇಲ್ಲ, ಜಗಲಿಯೂ ಇಲ್ಲ. ಬಹುಶಃ ಅದೊಂದು ಹೆಂಗಸೆಂದೇ ಕಡೆಯವರೆಗೂ ತಿಳಿದಿದ್ದ. ಹೊರಗೆ ಬರುವಾಗ ನೋಡಿದರೆ ಶಾಲನ್ನು ಮೊಣಕಾಲಿನ ಪಟ್ಟಿಯ ಮೇಲೆ ಸುತ್ತಿಕೊಂಡು ಮತ್ತೊಂದು ಹ್ಯಾಪಿ ಬರ್ತ್‌ಡೇಗೆ ಶ್ರುತಿ ಹಿಡಿಯುತ್ತಿದ್ದ.

ನೀತಾ ಮೆಟ್ಟಿಲ ಹತ್ತಿರ ನಿಂತಿದ್ದಳು. ಅವಳ ಬಸ್ಸು ತಪ್ಪಿತ್ತು. ನಮ್ಮ ಸನ್ಮಾನ ನೋಡುತ್ತ ನಿಂತು ತಪ್ಪಿತೋ ಏನೋ, ನಾನು ಕೇಳಲಿಲ್ಲ. ತುಳಸಿದಾಸ ಆ ಹೊತ್ತಿಗೆ ಇಡೀ ಜಗತ್ತಿಗೆ ಅಣ್ಣನಾಗಿದ್ದ. ಹಟ್ಟಿಕೇರಿಯ ಯಾರ ಮಗಳು ಎಂದು ವಿಚಾರಿಸಿ, ಅವಳ ಅಪ್ಪನ ಗುರುತು ಹಿಡಿದು, ದಾರಿಯಲ್ಲೇ ಇಳಿಸುತ್ತೇವೆ, ಗಾಡಿ ಹತ್ತು ಎಂದ. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಅವಳು ಹಿಂದಿನ ಸೀಟಿನಲ್ಲಿ, ಬುಟ್ಟಿಯಿಂದ ಉರುಳಿದ್ದ ಒಂದು ಮೂಸಂಬಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಳು.

ಬಿಣಗಾ ಹೋಯಿತು, ಅರ್ಗಾದ ನೇವಿ ಗೇಟಿನ ದೀಪಗಳು ಹೋದವು. ತುಳಸಿದಾಸ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತ ಹಾಡು ಶುರುಮಾಡಿದ. ಒಂದೇ ಸಾಲು, ಮತ್ತೆ ಮತ್ತೆ. ಬೆಳ್ಳಿಹಬ್ಬದ ದಿನ ಶಾಲೆ ಮಕ್ಕಳಿಂದ ಇದನ್ನೇ ಸ್ವಾಗತಗೀತೆಯಾಗಿ ಹಾಡಿಸಬೇಕು, ಕಲಿಸುವ ಜವಾಬ್ದಾರಿ ಭಾವನದೇ ಎಂದು ತೀರ್ಮಾನವನ್ನೂ ಮಾಡಿದ. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಹಿಂದಿನ ಸೀಟಿನಲ್ಲಿದ್ದವಳು ಒಂದು ಮಾತು ಹೇಳಿದರೆ ಸಾಕು, ಈ ಓಮ್ನಿಯಿಂದ ಇಡೀ ಅವರ್ಸಾಕ್ಕೆ ನಾಳೆ ಬೆಳಗಾಗುವುದರೊಳಗೆ ಮುಟ್ಟುತ್ತದೆ. ಹೇಳಲಿ ಎಂದು ಒಮ್ಮೆ, ಹೇಳದಿರಲಿ ಎಂದು ಒಮ್ಮೆ ಅನಿಸುತ್ತಿತ್ತು. ಮಾಸ್ತರನಾಗಿ ಹೇಳುತ್ತೇನೆ, ಪರೀಕ್ಷೆಯ ಭಯ ಏನೆಂದು ನನಗೆ ಆ ಹೊತ್ತು ತಿಳಿಯಿತು.

ಹಟ್ಟಿಕೇರಿ ಹತ್ತಿರ ಬಂತು. ತುಳಸಿದಾಸ ಕನ್ನಡಿಯಲ್ಲಿ ಅವಳನ್ನು ನೋಡಿದ.

‘ತಂಗಿ, ನೀ ಇಂಗ್ಲಿಷ್ ಕಲ್ತವಳು. ನಿಂಗೂ ಹಾಗೇ ಕೇಳ್ತಲ್ದಾ, ಅವರ್ಸಾ ಅಂತ?’

ನಾನು ಹಿಂದೆ ತಿರುಗಲಿಲ್ಲ.

‘ಹೌದು’ ಎಂದಳು. ‘ನಮ್ಗೆ ಸರ್ ಕಲ್ಸಿದ್ದೇ ಹಾಗೆ.’

ತುಳಸಿದಾಸನಿಗೆ ಖುಷಿಯೋ ಖುಷಿ. ಕೇಳಿದ್ಯಾ ಭಾವ ಎಂದು ನನ್ನ ತೊಡೆಗೆ ಹೊಡೆದ. ಅವಳು ಕ್ರಾಸಿನಲ್ಲಿ ಇಳಿದು, ಮೂಸಂಬಿಯನ್ನು ಸೀಟಿನ ಮೇಲಿಟ್ಟು, ನನ್ನ ಕಿಟಕಿಯ ಹತ್ತಿರ ಬಂದು, ಬರ್ತೆ ಸರ್ ಎಂದಳು. ನೀತಾ ಎಂದು ಅವಳ ಹೆಸರು ಹಿಡಿದು ಕರೆಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ರಸ್ತೆ ದಾಟಿದ್ದಳು.

ಅಲ್ಲಿಂದ ಅವರ್ಸಾಕ್ಕೆ ಹತ್ತು ನಿಮಿಷದ ದಾರಿ. ತುಳಸಿದಾಸ ಮನೆ ಬಾಗಿಲವರೆಗೂ ಹಾಡಿದ. ರಾಗ ತಪ್ಪು, ತಾಳ ತಪ್ಪು, ಶಬ್ದ ತಪ್ಪು. ನಾನು ತಿದ್ದಲಿಲ್ಲ.